ಎಲ್ಲಿಗೆ ಎಂದು ಕೇಳದ ಗೇಟು

ಹೊಳೆನರಸೀಪುರದ ನಮ್ಮ ಕಾಲೇಜಿಗೆ ಗೇಟಿಗಿಂತ ಮೊದಲು ಬಂದವರು ದೊಡ್ಡಮ್ಮ. ಕಾಂಪೌಂಡ್ ಕಟ್ಟುವಾಗ ಗಾರೆ ಹೊರಲು ಹಳ್ಳಿಮೈಸೂರಿನ ಕಡೆಯಿಂದ ಬಂದಿದ್ದರಂತೆ. ಸಿಮೆಂಟು ಮೂಟೆ ಕಾಯಲು ರಸ್ತೆಯ ಪಕ್ಕ ಒಂದು ಶೆಡ್ಡು ಹಾಕಿಕೊಟ್ಟಿದ್ದರು. ಗೋಡೆ ಮುಗಿಯಿತು, ಮೇಸ್ತ್ರಿ ಹೋದ, ಕೂಲಿಯವರು ಹೋದರು. ಸಿಮೆಂಟು ಮುಗಿದ ಸಂಗತಿಯನ್ನು ದೊಡ್ಡಮ್ಮನಿಗೆ ಮಾತ್ರ ಯಾರೂ ಹೇಳಲಿಲ್ಲ. ಅವರು ಕೂತಲ್ಲೇ ಕೂತಿದ್ದರು, ಪಕ್ಕದಲ್ಲಿ ಗೇಟು ಎದ್ದು ನಿಂತಿತು. ಆಮೇಲೆ ಶೆಡ್ಡಿಗೆ ಇಟ್ಟಿಗೆ ಬಂತು, ಇಟ್ಟಿಗೆಗೆ ಹಸಿರು ಬಣ್ಣ ಬಂತು, ಗೇಟ್ ರೂಮು ಎಂಬ ಹೆಸರೂ ಬಂತು. ಗಂಡ ನಂಜಪ್ಪನವರು ಹಾಸ್ಟೆಲಿನ ಅಡುಗೆಮನೆ ಸೇರಿದರು. ಮಾತು ಕಡಿಮೆ, ಸಾರಿಗೆ ಖಾರ ಜಾಸ್ತಿ. ಅವರ ಬಗ್ಗೆ ಹೇಳಲು ಇರುವುದು ಅಷ್ಟೆ.

ದೊಡ್ಡಮ್ಮ ಎನ್ನುವುದು ಅವರ ಹೆಸರೇ. ಹೊಸ ಹುಡುಗಿಯರು ಸಂಬಂಧ ಹಿಡಿದು ಕರೆಯುತ್ತಿದ್ದೇವೆ ಅಂದುಕೊಳ್ಳುತ್ತಾರೆ. ಅವರು ತಿದ್ದಲು ಹೋಗುವುದಿಲ್ಲ. ಹೇಗೆ ಕರೆದರೂ ಬರುವುದು ತಾನೇ ಅಲ್ಲವೇ ಎಂಬ ಧೋರಣೆ.

ಹಾಸ್ಟೆಲಿನಿಂದ ಹೊರಗೆ ಹೊರಟ ಹುಡುಗಿ ಅವರನ್ನು ದಾಟಿಯೇ ಹೋಗಬೇಕು. ದಾಟುವಾಗ ಪ್ರಶ್ನೆಗಳು ಬರುತ್ತವೆ. ಊಟ ಆಯ್ತಾ? ದೂರವಾ, ಅತ್ರವಾ? ಯಾವೊತ್ತಿಗೆ ಬತ್ತೀಯ? ಒಬ್ಬಳೇನಾ, ಜೊತೆಗೆ ಯಾರಾರ ಅವ್ರಾ? ಅವರು ಎಂದೂ ಕೇಳದ ಪ್ರಶ್ನೆ ಒಂದೇ: ಎಲ್ಲಿಗೆ. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂಬುದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇರುವ ಮಾತು. ನಮ್ಮ ಮನೆಗಳಲ್ಲಿ ಅದು ಅಜ್ಜಿಯ ಬಾಯಲ್ಲಿ ಮಾತ್ರ ಉಳಿದಿದೆ. ದೊಡ್ಡಮ್ಮನಲ್ಲಿ ಅದು ಕಾನೂನಾಗಿತ್ತು. ತಮಾಷೆಯೆಂದರೆ ಎಲ್ಲಿಗೆ ಎಂದು ಕೇಳದ ಅವರಿಗೇ ಎಲ್ಲರೂ ಎಲ್ಲಿಗೆ ಹೋಗುತ್ತಾರೆ ಎಂದು ಗೊತ್ತಿರುತ್ತಿತ್ತು. ಮಿಕ್ಕ ಪ್ರಶ್ನೆಗಳು ಮುಗಿಯುವ ಹೊತ್ತಿಗೆ ಹುಡುಗಿಯೇ ಬಾಯಿ ಬಿಟ್ಟಿರುತ್ತಿದ್ದಳು.

ಯಾವಾಗಲೂ ಅವರ ಲೆಕ್ಕ ಸರಿಯಾಗುತ್ತಿತ್ತು ಎಂದೇನಿಲ್ಲ. ಒಮ್ಮೆ ಬಾಗೂರಿನ ಧನುಶ್ರೀ ರೇಷ್ಮೆ ಸೀರೆ ಉಟ್ಟು, ಕಣ್ಣು ಕೆಂಪು ಮಾಡಿಕೊಂಡು, ದೊಡ್ಡ ಬ್ಯಾಗು ಹಿಡಿದು ಹೊರಟಾಗ ಇವಳು ಓಡಿಹೋಗಿ ಮದುವೆಯಾಗುತ್ತಿದ್ದಾಳೆ ಎಂದು ತೀರ್ಮಾನಿಸಿಬಿಟ್ಟರು. ಅವಳನ್ನು ತಡೆಯಲೂ ಮನಸ್ಸಾಗದೆ, ಬಿಡಲೂ ಮನಸ್ಸಾಗದೆ, ತಲೆ ಸವರಿ ಕಳಿಸಿದರು. ಸಂಜೆ ಅವಳು ಅಂತರ ಕಾಲೇಜು ನಾಟಕ ಸ್ಪರ್ಧೆಯಲ್ಲಿ ಎರಡನೇ ಬಹುಮಾನ ಹಿಡಿದುಕೊಂಡು ಬಂದಾಗ ಅವರಿಗೆ ಸ್ವಲ್ಪ ನಿರಾಸೆಯೇ ಆಯಿತು.

ನಾವು ಕೊನೆಯ ವರ್ಷದಲ್ಲಿದ್ದಾಗ, ಅವರೆಕಾಯಿ ಕಾಲದಲ್ಲಿ, ಕಾಲೇಜಿಗೆ ತಪಾಸಣಾ ಸಮಿತಿ ಬರುತ್ತದೆ ಎಂದಾಯಿತು. ಪ್ರಿನ್ಸಿಪಾಲ್ ಪದ್ಮಕುಮಾರ್ ಅವರು ಕುಂಡಗಳಿಗೆ ಕೆಮ್ಮಣ್ಣು ಬಳಿಸಿದರು. ಗೋಡೆಗಳ ಮೇಲೆ ಇಂಗ್ಲಿಷ್ ಸೂಕ್ತಿಗಳನ್ನು ಬರೆಸಿದರು. ಕೊನೆಗೆ ಗೇಟಿಗೆ ಬಂದರು.

"ನೋಡಿ ದೊಡ್ಡಮ್ಮ, ಇನ್ಮೇಲೆ ಗೇಟಿನಿಂದಲೇ ಇಂಗ್ಲಿಷ್. ಹುಡುಗಿಯರ ಸೇಫ್ಟಿ ಬಗ್ಗೆ ಸಮಿತಿಯವರು ಗೇಟಲ್ಲೇ ನಿಂತು ನೋಡ್ತಾರೆ. ಹೊರಗೆ ಹೋಗೋರನ್ನ ಎಲ್ಲಿಗೆ, ಯಾವಾಗ ಬರ್ತಾರೆ, ಯಾರ ಜೊತೆ, ಎಲ್ಲಾ ಇಂಗ್ಲಿಷಲ್ಲಿ ಕೇಳ್ಬೇಕು."

"ನಂಗೆ ಬರಾಕಿಲ್ವಲ್ಲ ಸಾ."

"ಕಲೀರಿ. ಆಗ್ಲಿಲ್ಲ ಅಂದ್ರೆ ಹಾಸನದ ಸೆಕ್ಯುರಿಟಿ ಏಜೆನ್ಸಿಯೋರು ಗಾರ್ಡ್ ಕಳಿಸ್ತಾರೆ. ಅವನು ಬಂದ್ರೆ ಈ ರೂಮು ಅವನಿಗೆ ಬಿಡ್ಬೇಕಾಗುತ್ತೆ. ನಿಮಗೆ ಲೈಬ್ರರಿ ಗುಡಿಸೋ ಕೆಲಸ ಇರುತ್ತೆ, ಊರಿಂದ ಓಡಾಡಿ."

ಕಲಿಸುವ ಕೆಲಸ ಇಂಗ್ಲಿಷ್ ಐಚ್ಛಿಕ ತೆಗೆದುಕೊಂಡಿದ್ದ ನನ್ನ ಪಾಲಿಗೆ ಬಂತು. ಜೊತೆಗೆ ಕರೆಯದೆ ಬಂದವಳು ಧನುಶ್ರೀ.

ಪಾಠ ನಡೆದದ್ದು ಗೇಟ್ ರೂಮಿನ ಮುಂದಿನ ಕಲ್ಲಿನ ಮೇಲೆ. ನೆನೆಸಿದ ಅವರೆಕಾಳಿನ ಪಾತ್ರೆ ಮಧ್ಯದಲ್ಲಿ. ಕಾಳನ್ನು ಎರಡು ಬೆರಳಲ್ಲಿ ಹಿಡಿದು ಹಿತುಕಿದರೆ ಬೇಳೆ ಚಿಮ್ಮಿ ತಟ್ಟೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಅವರು ಕಾಳಿನ ಮೇಲಿನ ಕಣ್ಣು ತೆಗೆಯದೆ ಕಲಿಯುತ್ತಿದ್ದರು.

"ಮೊದ್ಲು ಊಟ ಆಯ್ತಾ ಅನ್ನೋದು. ಅದ್ಕೇನಂತಾರೆ?"

ಪ್ರಿನ್ಸಿಪಾಲರು ಹೇಳಿದ ಪಟ್ಟಿಯಲ್ಲಿ ಊಟ ಇಲ್ಲ ಎಂದು ಹೇಳಿದೆ.

"ಊಟ ಕೇಳ್ದೆ ಮಿಕ್ಕಿದ್ದು ಎಂಗ್ ಕೇಳಾದಮ್ಮಿ? ಕೋರ್ಟಿನೋರಾ ನಾವು?"

ಸರಿ, ಡಿಡ್ ಯು ಈಟ್ ಎಂದೆ. ಅವರು ಎರಡು ಸಲ ಹೇಳಿ ನೋಡಿದರು. ಮೂರನೆಯ ಸಲಕ್ಕೆ ಡಿಡ್ ಉದುರಿಹೋಯಿತು. "ಯು ಈಟ್?" ಎಂದು ಹುಬ್ಬು ಏರಿಸಿದರು. ಹುಬ್ಬು ಎಷ್ಟು ಏರಿತೆಂದರೆ ಉತ್ತರ ಕೊಡದೆ ಇರಲು ಸಾಧ್ಯವಿರಲಿಲ್ಲ. ಹ್ಞೂಂ, ಆಯ್ತು ಎಂದುಬಿಟ್ಟೆ.

"ಮತ್ತೆ? ಇವ್ಳಿಗೆ ಗೊತ್ತಾಯ್ತಲ್ಲ! ಆ ಮುಂದಿಂದು ಏನಕ್ಕೆ?"

"ಅದು ಇದ್ರೇನೇ ಪ್ರಶ್ನೆ ಅಂತ ತಿಳಿಯೋದು ದೊಡ್ಡಮ್ಮ."

"ನನ್ ಮೊಕ ನೋಡಿದ್ರೆ ತಿಳಿಯಾಕಿಲ್ವಾ?"

"ಅದೇ ಪದ ಡು ಅಂತಲೂ ಬರುತ್ತೆ. ಡು ಅಂದ್ರೆ ಮಾಡು ಅಂತ," ಎಂದು ಧನುಶ್ರೀ ಸಹಾಯಕ್ಕೆ ಬಂದಳು.

"ಮಾಡ್ದೋನು ನಂಜಪ್ಪ, ತಿಂದೋಳು ನೀನು. ಕೇಳೋಳು ನಾನು. ಇದ್ರಲ್ಲಿ ಇನ್ನೊಂದ್ ಮಾಡು ಎಲ್ಲಿಂದ ಬಂತು?" ಎಂದು ಒಂದು ಕಾಳು ಹಿತುಕಿದರು. ಬೇಳೆ ತಟ್ಟೆಗೆ ಬಿತ್ತು. ಬೆರಳಿನಲ್ಲಿ ಉಳಿದ ಸಿಪ್ಪೆಯನ್ನು ನಮಗೆ ತೋರಿಸಿ ಪಕ್ಕಕ್ಕೆ ಎಸೆದರು. "ನಿನ್ ಡಿಡ್ಡು, ಡೂ, ಆರ್, ಎಲ್ಲಾ ಇದು ಕಣಮ್ಮಿ. ಕಾಳಲ್ಲಿ ಇರ್ತದೆ, ಬ್ಯಾಡ ಅನ್ನಾಕಿಲ್ಲ. ಸಾರಿಗೆ ಆಕಾಕಿಲ್ಲ."

ನಾನು ವ್ಯಾಕರಣದ ಪರವಾಗಿ ಇನ್ನೂ ಒಂದೆರಡು ದಿನ ಹೋರಾಡಿದೆ. ಆದರೆ ನನ್ನ ಪಕ್ಷ ಬಲವಾಗಿರಲಿಲ್ಲ. ಪ್ರಿನ್ಸಿಪಾಲರೇ ಕಾರಿಡಾರಿನಲ್ಲಿ ನಿಲ್ಲಿಸಿ "ಯು ಹ್ಯಾವ್ ಕ್ಲಾಸ್?" ಎಂದು ಕೇಳುವವರು. ಗಣಿತದ ಮೇಡಂ "ಯು ಅಂಡರ್‌ಸ್ಟುಡ್?" ಎನ್ನುವವರು. ನಮ್ಮ ಊರುಗಳ ಇಂಗ್ಲಿಷಿನಲ್ಲಿ ಪ್ರಶ್ನೆ ಹುಟ್ಟುವುದು ಹುಬ್ಬಿನಲ್ಲಿ, ಮುಗಿಯುವುದು ರಾಗದಲ್ಲಿ. ದೊಡ್ಡಮ್ಮ ಬಂದು ಸೇರಿದ್ದು ಒಂದು ಹಳೆಯ ಶಾಲೆಗೇ.

ಹಾಗಾಗಿ ಅವರು ಬೇಗ ಕಲಿತರು. ದೂರ ಹೊರಟ್ಯಾ ಎಂಬುದಕ್ಕೆ ಯು ಗೋಯಿಂಗ್ ಫಾರ್. ಯಾವೊತ್ತಿಗೆ ಬತ್ತೀಯ ಎಂಬುದಕ್ಕೆ ಯು ಕಮಿಂಗ್ ವೆನ್. ಒಬ್ಬಳೇನಾ, ಜೊತೆ ಇದ್ಯಾ ಎಂಬುದಕ್ಕೆ ಅವರೇ ಹೊಂದಿಸಿಕೊಂಡದ್ದು: ಯು ಸಿಂಗಲ್, ಡಬಲ್? ಇದನ್ನು ಕೇಳಿ ಧನುಶ್ರೀ ಕಲ್ಲಿನಿಂದ ಕೆಳಗೆ ಜಾರಿದಳು. ಅವರು ನಗಲಿಲ್ಲ. ಹಾಸಿಗೆಗೆ ಸಿಂಗಲ್ ಡಬಲ್ ಎಂದು ಕೇಳುತ್ತಾರೆ, ಟೀಗೆ ಕೇಳುತ್ತಾರೆ, ಹುಡುಗಿಯರಿಗೆ ಯಾಕೆ ಕೇಳಬಾರದು?

ಉಳಿದದ್ದು ವೇರ್. ಅಲ್ಲಿ ಪಾಠ ನಿಂತಿತು.

"ಅದ ಮಾತ್ರ ಕೇಳಾಕಿಲ್ಲ."

"ಇಂಗ್ಲಿಷಲ್ಲಿ ಕೇಳಿದ್ರೆ ಏನೂ ಆಗಲ್ಲ ದೊಡ್ಡಮ್ಮ."

"ಇಂಗ್ಲಿಷ್‌ನೋರು ಓಗಿದ್ ಕಡೆಯಿಂದ ವಾಪಸ್ ಓದ್ರಾ ಇಲ್ವಾ? ಯಾರೋ ಎಲ್ಗೆ ಅಂತ ಕೇಳಿರ್ಬೇಕು."

ರೂಮು ಹೋಗುತ್ತದೆ ಎಂದು ನೆನಪಿಸಿದೆ. ಅವರ ಕೈ ಒಂದು ಗಳಿಗೆ ಕಾಳಿನ ಪಾತ್ರೆಯಲ್ಲೇ ನಿಂತಿತು. ಆ ರೂಮಿನ ಕಿಟಕಿಗೆ ಅವರು ತಾವೇ ಗಾರೆ ಮೆತ್ತಿದ್ದರು. ಬಾಗಿಲ ಹಿಂದೆ ನಂಜಪ್ಪನವರ ಅಂಗಿ ತೂಗುಹಾಕುವ ಮೊಳೆ, ಮೂಲೆಯಲ್ಲಿ ಒಲೆ, ಒಲೆಯ ಮೇಲೆ ಹೊಗೆ ಬರೆದ ಗುರುತು. ಬೇರೆ ಮನೆ ಎಂಬುದು ಅವರಿಗಿರಲಿಲ್ಲ. ಊರಿನಲ್ಲಿ ಇದ್ದದ್ದು ಮೈದುನನ ಮನೆಯ ಜಗಲಿ.

"ಗೊತ್ತು," ಎಂದರು. ನಮ್ಮನ್ನು ನಗಿಸಲೆಂದೇ ಇರಬೇಕು, ಸೇರಿಸಿದರು: "ನಮ್ಮಪ್ಪ ಗಂಡು ನೋಡಾಕೆ ಒಂಟಾಗ ಯಾರೋ ಎಲ್ಗೆ ಬೈರಯ್ಯ ಅಂದ್ಬುಟ್ರಂತೆ. ತಿರ್ಗಿ ಒಳೀಕೆ ಬಂದು ನೀರ್ ಕುಡ್ದು, ಕುಂತು, ಆಮ್ಯಾಕೆ ಓಗ್ಬೇಕಿತ್ತು. ಅವಸ್ರ, ಅಂಗೇ ಓದ. ನಂಜಪ್ಪ ಸಿಕ್ದ."

ಅಡುಗೆಮನೆಯ ಕಡೆಯಿಂದ ಒಂದು ಕೆಮ್ಮು ಕೇಳಿಸಿತು.

ವಾರದ ಕೊನೆಗೆ ಪ್ರಿನ್ಸಿಪಾಲರು ಪರೀಕ್ಷೆಗೆ ಬಂದರು. ಗೇಟಿನ ಒಳಗೆ ನಿಂತು ಕೋಟು ಸರಿಮಾಡಿಕೊಂಡು, "ನಾನೀಗ ಹಾಸ್ಟೆಲ್ ಹುಡುಗಿ ಅಂದ್ಕೊಳಿ," ಎಂದರು. ಅವರಿಗೆ ದಪ್ಪ ಮೀಸೆ ಇತ್ತು. ದೊಡ್ಡಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಸುಧಾರಿಸಿಕೊಂಡು, ಮುಂದೆ ಬಂದರು.

"ಯು ಈಟ್?"

"ಯೆಸ್."

"ಯು ಗೋಯಿಂಗ್ ಫಾರ್?"

"ಯೆಸ್, ಫಾರ್."

"ಯು ಸಿಂಗಲ್, ಡಬಲ್?"

ಪ್ರಿನ್ಸಿಪಾಲರು ನನ್ನ ಕಡೆ ನೋಡಿದರು. ನಾನು ಹೊಂಗೆ ಮರವನ್ನು ನೋಡಿದೆ. "ಸಿಂಗಲ್," ಎಂದರು.

"ಯು ಕಮಿಂಗ್ ವೆನ್?"

"ಫೈವ್ ಓ ಕ್ಲಾಕ್."

"ಓಗ್ಬನ್ನಿ ಸಾ."

"ವೇರ್ ಕೇಳ್ಲೇ ಇಲ್ವಲ್ಲ?"

"ಆಚೀಕೆ ಒಂಟೋರ್ನ ಅದ ಕೇಳಾಕಿಲ್ಲ ಸಾ."

"ದೊಡ್ಡಮ್ಮ, ನಾನು ಸುಮ್ನೆ ಆಕ್ಟ್ ಮಾಡ್ತಿರೋದು. ಎಲ್ಲೂ ಹೋಗ್ತಿಲ್ಲ."

"ಎಲ್ಲೂ ಓಗ್ದೇ ಇರೋರ್ನ ಎಲ್ಗೆ ಅಂತ ಯಾಕ್ ಕೇಳ್ಲಿ ಸಾ?"

ಪ್ರಿನ್ಸಿಪಾಲರು ನಗಲಿಲ್ಲ. ಸೋಮವಾರದಿಂದ ಗಾರ್ಡ್ ಬರುತ್ತಾನೆ, ತಿಂಗಳ ಕೊನೆಗೆ ರೂಮು ಖಾಲಿ ಮಾಡಿ ಎಂದು ಹೇಳಿ ಆಫೀಸಿನ ಕಡೆ ನಡೆದರು.

ಸೋಮವಾರ ಬಂದವನು ಮೊಸಳೆ ಎಂಬ ಊರಿನ ಅಭಿಷೇಕ್. ನೀಲಿ ಸಮವಸ್ತ್ರ, ಬಿಳಿ ಹಗ್ಗಕ್ಕೆ ಕಟ್ಟಿದ ಸೀಟಿ. "ವೇರ್ ಆರ್ ಯು ಗೋಯಿಂಗ್, ಮ್ಯಾಮ್?" ಎಂದು ಒಂದೂ ಸಿಪ್ಪೆ ಬಿಡದೆ ಕೇಳುತ್ತಿದ್ದ. ಉತ್ತರವನ್ನೂ ಇಂಗ್ಲಿಷಿನಲ್ಲಿ ಕೊಟ್ಟರೆ ಮಾತ್ರ ಸ್ವಲ್ಪ ಗಾಬರಿಯಾಗುತ್ತಿದ್ದ. ಒಳ್ಳೆಯ ಹುಡುಗ. ದೊಡ್ಡಮ್ಮನ ರೂಮು ತನಗಾಗಿ ಖಾಲಿಯಾಗುತ್ತಿದೆ ಎಂದು ತಿಳಿದಾಗಿನಿಂದ ಅದರ ಕಡೆ ಬೆನ್ನು ಹಾಕಿಯೇ ನಿಲ್ಲುತ್ತಿದ್ದ.

ಆ ವಾರವೇ ಧನುಶ್ರೀ ಹಾಸನದಲ್ಲಿ ಯಾವುದೋ ನೇಮಕಾತಿ ಪರೀಕ್ಷೆಗೆ ಹೊರಟಳು, ಅವಳ ಹಿಂದೆ ಇನ್ನೂ ನಾಲ್ಕೈದು ಜನ. ಅಭಿಷೇಕ್ ಸೆಲ್ಯೂಟ್ ಹೊಡೆದು ವೇರ್ ಆರ್ ಯು ಗೋಯಿಂಗ್ ಎಂದ. ಧನುಶ್ರೀ ಇಂಥದ್ದನ್ನೆಲ್ಲ ನಂಬದವಳು. ಎರಡು ಹೆಜ್ಜೆ ಮುಂದೆ ಹೋದಳು. ನಿಂತಳು. ತಿರುಗಿ ಬಂದು ದೊಡ್ಡಮ್ಮನ ಕಲ್ಲಿನ ಮೇಲೆ ಕೂತಳು.

"ನಂಬ್ತೀನಿ ಅಂತಲ್ಲ ಕಣೇ," ಎಂದು ನನಗೆ ಹೇಳಿದಳು. "ನಾಳೆ ಫೇಲಾದ್ರೆ ನಮ್ಮಜ್ಜಿ ಕೈಗೆ ಸಿಕ್ಬಾರ್ದಲ್ಲ."

ಮಿಕ್ಕವರೂ ಬಂದರು. ದೊಡ್ಡಮ್ಮ ಚೊಂಬಿನಲ್ಲಿ ನೀರು ಕೊಟ್ಟು, ಒಬ್ಬೊಬ್ಬರನ್ನೇ ಗಳಿಗೆ ಕೂರಿಸಿ, ಎಬ್ಬಿಸಿ ಕಳಿಸಿದರು. ಹಾಸನದ ಬಸ್ಸು ಅಷ್ಟರಲ್ಲಿ ಹೋಗಿತ್ತು. ಹುಡುಗಿಯರು ಅಭಿಷೇಕನಿಗೆ ಬೈದ ಮಾತುಗಳಲ್ಲಿ ವ್ಯಾಕರಣದ ತಪ್ಪು ಒಂದೂ ಇರಲಿಲ್ಲ.

ಸಮಿತಿಯವರು ಹಾಸನಕ್ಕೆ ಬಂದು ಇಳಿದಿದ್ದರು. ಅವರನ್ನು ಕರೆತರಲು ಪ್ರಿನ್ಸಿಪಾಲರು ಬೆಳಿಗ್ಗೆಯೇ ಕಾರು ಹತ್ತಿದರು. ಹೊಸ ಕೋಟು, ಹಣೆಯಲ್ಲಿ ಗಂಧ. ನಾವು ಗೇಟಿನ ಬಳಿ ರಂಗೋಲಿ ಹಾಕುತ್ತಿದ್ದೆವು. ದೊಡ್ಡಮ್ಮ ರೂಮಿನೊಳಗೆ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದರು. ಖಣಖಣ ಸದ್ದು ಬರುತ್ತಿತ್ತು. ಕಾರು ಗೇಟಿಗೆ ಬಂತು. ಅಭಿಷೇಕ್ ಇಡೀ ವಾರ ಈ ದಿನಕ್ಕಾಗಿಯೇ ತಯಾರಾಗಿದ್ದ. ಎದೆ ಉಬ್ಬಿಸಿ, ಕಾಲು ಜೋಡಿಸಿ,

"ಗುಡ್ ಮಾರ್ನಿಂಗ್ ಸರ್! ವೇರ್ ಆರ್ ಯು ಗೋಯಿಂಗ್, ಸರ್?" ಎಂದ.

ಕಾರು ಗೇಟು ದಾಟಿತು, ನಿಂತಿತು. ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ನಿಧಾನವಾಗಿ ಹಿಂದಕ್ಕೆ ಬಂತು, ನಮ್ಮ ರಂಗೋಲಿಯ ಅರ್ಧ ನವಿಲಿನ ಮೇಲೆ. ಪ್ರಿನ್ಸಿಪಾಲರು ಇಳಿದರು. ಯಾರ ಮುಖವನ್ನೂ ನೋಡದೆ ಕಲ್ಲಿನ ಮೇಲೆ ಕೂತರು.

"ದೊಡ್ಡಮ್ಮ, ಸ್ವಲ್ಪ ಬಾಯಾರಿಕೆ."

ದೊಡ್ಡಮ್ಮ ಹೊರಗೆ ಬಂದು ನೋಡಿದರು. ಒಳಗೆ ಹೋಗಿ, ಪ್ರಿನ್ಸಿಪಾಲರು ಜೈನರಾದ್ದರಿಂದ ಅವರ ಮನೆಗಳಲ್ಲಿ ಮಾಡುವಂತೆ, ಚೊಂಬಿನ ಬಾಯಿಗೆ ತೊಳೆದ ಬಿಳಿ ಬಟ್ಟೆ ಹಿಡಿದು ನೀರು ಸೋಸಿ ತಂದರು. ಒಂದು ಚೂರು ಬೆಲ್ಲವನ್ನೂ ಕೊಟ್ಟರು. ಪ್ರಿನ್ಸಿಪಾಲರು ಕುಡಿದು ಇನ್ನೊಂದು ಗಳಿಗೆ ಹಾಗೇ ಕೂತರು. ಬಿಸಿಲು ಗೇಟಿನ ಸರಳುಗಳ ನಡುವೆ ಬಂದು ಅವರ ಬೂಟಿನ ಮೇಲೆ ಬಿದ್ದಿತ್ತು. ಡ್ರೈವರು ಗಡಿಯಾರ ನೋಡಿಕೊಂಡ. ಅಭಿಷೇಕ್ ಸೀಟಿಯ ಹಗ್ಗವನ್ನು ಬೆರಳಿಗೆ ಸುತ್ತುತ್ತಾ ಎಲ್ಲಾದರೂ ಮಾಯವಾಗುವ ಜಾಗ ಹುಡುಕುತ್ತಿದ್ದ.

ಅವರು ಎದ್ದು ಮತ್ತೆ ಕಾರು ಹತ್ತಿದಾಗ ಗೇಟಿನಲ್ಲಿ ದೊಡ್ಡಮ್ಮ ನಿಂತಿದ್ದರು.

"ಸಾ, ಯು ಗೋಯಿಂಗ್ ಫಾರ್?"

"ಹಾಸನ ದೊಡ್ಡಮ್ಮ. ಸಮಿತಿಯೋರನ್ನ ಕರ್ಕೊಂಡ್ ಬರ್ಬೇಕು."

"ಯು ಈಟ್?"

"ಆಯ್ತು. ಇಡ್ಲಿ."

"ಯು ಕಮಿಂಗ್ ವೆನ್?"

"ಹತ್ತೂವರೆ ಆಗ್ಬೋದು. ನಾಲ್ಕು ಜನ ಇದಾರೆ. ಒಬ್ರಿಗೆ ಸಕ್ಕರೆ ಕಾಯಿಲೆಯಂತೆ, ನಂಜಪ್ಪನಿಗೆ ಹೇಳಿ."

ಕಾರು ಹೋದ ಮೇಲೆ ಧನುಶ್ರೀ ನನ್ನ ಕಿವಿಯಲ್ಲಿ, "ಇನ್ನೊಂದ್ ಪ್ರಶ್ನೆ ಕೇಳಿದ್ರೆ ಸಂಬಳನೂ ಹೇಳ್ತಿದ್ರು ಕಣೇ," ಎಂದಳು.

ಸಮಿತಿ ಬಂತು, ನೋಡಿತು, ಹೋಳಿಗೆ ತಿಂದಿತು, ಹೋಯಿತು. ಗೇಟಿನಲ್ಲಿ ಆ ದಿನ ಒಳಗೆ ಬರುವವರನ್ನು ಅಭಿಷೇಕ್ ಕೇಳಿದ, ಹೊರಗೆ ಹೋಗುವವರನ್ನು ದೊಡ್ಡಮ್ಮ ಕೇಳಿದರು. ಹಾಗೆ ಹಂಚಿದವರು ಯಾರೆಂದು ಯಾರೂ ಹೇಳಲಿಲ್ಲ. ಆದರೆ ರೂಮಿನ ಮಾತು ಬದಲಾಗಲಿಲ್ಲ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಪ್ರಿನ್ಸಿಪಾಲರಿಗೆ ಅಭ್ಯಾಸವಿರಲಿಲ್ಲ. ಬೇಡುವುದು ದೊಡ್ಡಮ್ಮನಿಗೆ ಅಭ್ಯಾಸವಿರಲಿಲ್ಲ. ಗೇಟಿನ ಎರಡು ಬಾಗಿಲುಗಳ ಹಾಗೆ ಇಬ್ಬರೂ ಒಬ್ಬರಿಗೊಬ್ಬರು ಎದುರಾಗಿ ನಿಂತೇ ಇದ್ದರು. ತಿಂಗಳು ಮುಗಿಯುತ್ತಾ ಬಂತು.

ಕೊನೆಯ ಭಾನುವಾರ ಬೆಳಿಗ್ಗೆ ನಂಜಪ್ಪನವರು ಪಾತ್ರೆಯ ಚೀಲ, ಹಾಸಿಗೆ ಸುರುಳಿ, ಮುದ್ದೆ ಕೋಲು ಹೊತ್ತುಕೊಂಡು ಮುಂಚೆಯೇ ಬಸ್ ಸ್ಟ್ಯಾಂಡಿಗೆ ಹೋದರು. ದೊಡ್ಡಮ್ಮ ನೆಲ ಗುಡಿಸಿ, ಒರೆಸಿ, ಒಂದು ಕೈಚೀಲ ಹಿಡಿದು, ಮೊರವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬಂದರು. ನಾವೆಲ್ಲ ಹೊಂಗೆ ಮರದ ಕೆಳಗೆ ನಿಂತಿದ್ದೆವು. ಅಭಿಷೇಕ್ ಗೇಟು ತೆರೆಯಬೇಕೋ ಬೇಡವೋ ತಿಳಿಯದೆ ಚಿಲಕದ ಮೇಲೆ ಕೈ ಇಟ್ಟಿದ್ದ.

ಪ್ರಿನ್ಸಿಪಾಲರು ವಾಕಿಂಗ್ ಮುಗಿಸಿ ಬರುತ್ತಿದ್ದರು, ಅಥವಾ ಹಾಗೆ ಕಾಣುವಂತೆ ಬರುತ್ತಿದ್ದರು; ಆ ದಾರಿಯಲ್ಲಿ ಅವರು ವಾಕಿಂಗ್ ಮಾಡಿದ್ದನ್ನು ನಾವು ಹಿಂದೆ ಕಂಡಿರಲಿಲ್ಲ.

ದೊಡ್ಡಮ್ಮ ಬೀಗದ ಕೈ ಮುಂದೆ ಹಿಡಿದರು. "ಬತ್ತೀನಿ ಸಾ."

ಅವರು ಬೀಗದ ಕೈ ನೋಡಿದರು. ತೆಗೆದುಕೊಳ್ಳಲಿಲ್ಲ. ಕೈ ಎರಡನ್ನೂ ಹಿಂದೆ ಕಟ್ಟಿಕೊಂಡು, ರಸ್ತೆಯ ಕಡೆ ಕತ್ತು ತಿರುಗಿಸಿ, ಕೇಳಿದರು:

"ಎಲ್ಲಿಗೆ ದೊಡ್ಡಮ್ಮ?"

ಹೊಂಗೆ ಮರದ ಕೆಳಗೆ ಯಾರೋ ಉಸಿರು ಎಳೆದುಕೊಂಡರು.

"ಸಾ! ಏನ್ ಕೇಳ್ಬುಟ್ರಿ ಸಾ! ತಿಳ್ದೋರು ನೀವೇ ಇಂಗ್ ಕೇಳಾದಾ?"

"ಬಾಯಿ ತಪ್ಪಿ ಬಂತು. ಹೋಗಿ, ಒಳಗೆ ಹೋಗಿ ಕೂತು, ನೀರು ಕುಡಿದು ಬನ್ನಿ."

ದೊಡ್ಡಮ್ಮ ಗೊಣಗುತ್ತಾ ಬಾಗಿಲು ತೆಗೆದರು, ಚೀಲ ಇಳಿಸಿದರು. ಚೊಂಬು ನಂಜಪ್ಪನವರ ಚೀಲದಲ್ಲಿ ಹೋಗಿತ್ತು. ಧನುಶ್ರೀ ತನ್ನ ಬಾಟಲಿ ಕೊಟ್ಟು ಬಂದಳು. ಅವರು ಖಾಲಿ ರೂಮಿನ ನಡುವೆ ನೆಲದ ಮೇಲೆ ಕೂತು ನೀರು ಕುಡಿಯುವುದು ನಮಗೆ ಬಾಗಿಲಿನಿಂದ ಕಾಣುತ್ತಿತ್ತು. ಎದ್ದರು. ಮೊರ ಕಂಕುಳಿಗೆ ಬಂತು. ಒಂದು ಕಾಲು ಹೊಸಿಲಿನ ಹೊರಗೆ ಇಟ್ಟರು.

"ಎಲ್ಲಿಗೆ ದೊಡ್ಡಮ್ಮ?" ಎಂದರು ಪ್ರಿನ್ಸಿಪಾಲರು, ಇನ್ನೂ ರಸ್ತೆಯನ್ನೇ ನೋಡುತ್ತಾ.

ಈ ಸಲ ದೊಡ್ಡಮ್ಮ ಬೈಯಲಿಲ್ಲ. ಒಂದು ಕಾಲು ಹೊರಗೆ, ಒಂದು ಕಾಲು ಒಳಗೆ ಇಟ್ಟುಕೊಂಡು ಅವರ ಬೆನ್ನನ್ನು ಬಹಳ ಹೊತ್ತು ನೋಡಿದರು. ಹುಬ್ಬು ನಿಧಾನವಾಗಿ ಮೇಲೇರಿತು.

"ಸಾ, ಯು ಆಸ್ಕಿಂಗ್ ಡೈಲಿ?"

"ಯೆಸ್," ಎಂದರು ಪ್ರಿನ್ಸಿಪಾಲರು. "ಡೈಲಿ." ಆಮೇಲೆ ಅಭಿಷೇಕನ ಕಡೆ ತಿರುಗಿ, "ಸ್ಟೋರ್ ರೂಮಲ್ಲಿ ಹಳೇ ಬೆಂಚುಗಳಿವೆ, ಹೊರಗೆ ಹಾಕ್ಸಿ ಅಲ್ಲಿರು. ಫ್ಯಾನಿದೆ," ಎಂದು ವಾಕಿಂಗ್ ಮುಂದುವರಿಸಿದರು.

ದೊಡ್ಡಮ್ಮ ಹೊರಗಿನ ಕಾಲನ್ನು ಒಳಗೆ ತೆಗೆದುಕೊಂಡರು. ಮೊರವನ್ನು ಗೋಡೆಗೆ ಒರಗಿಸಿದರು. ಒಂದು ನಿಮಿಷ ಗೋಡೆಯನ್ನೇ ನೋಡುತ್ತಾ ನಿಂತು, ಸೆರಗಿನಿಂದ ಕಣ್ಣೋ ಮೂಗೋ ಒರೆಸಿಕೊಂಡು, ಇದ್ದಕ್ಕಿದ್ದಂತೆ ಕೂಗಿದರು:

"ಲೇ ಅಭಿ, ಬಸ್ ಸ್ಟ್ಯಾಂಡಿಗೆ ಓಡ್ಲಾ! ಆ ಮನ್ಸ ಬಸ್ ಬಂದ್ರೆ ಅತ್ಕಂಡ್ ಓಯ್ತಾನೆ. ಎಲ್ಗೆ, ಯಾಕೆ, ಎಂಡ್ರು ಎಲ್ಲಿ ಅಂತ ಒಂದ್ ಮಾತ್ ಕೇಳೋನಲ್ಲ!"